ನಾನು ಪ್ರೀತಿಸುತ್ತಿರುವುದು ಮುಂಬೈಯನ್ನೋ, ತೀರಿಹೋದ ಅಮ್ಮನನ್ನೋ?

ಪ್ರಶ್ನೆ: ನನಗೀಗ 36. ಕುಂದಾಪುರದ ಹತ್ತಿರದ ಹಳ್ಳಿಯವಳು. 2012ರಿಂದ ಮುಂಬೈಯಲ್ಲಿದ್ದೇನೆ. ಆಫೀಸು ದಾದರ್‌ನಲ್ಲಿ, ಬಾಡಿಗೆ ಮನೆ ಡೊಂಬಿವಲಿಯಲ್ಲಿ. ಮದುವೆ ಆಗಿಲ್ಲ. ನನ್ನ ಅಮ್ಮ ಹುಟ್ಟಿ ಬೆಳೆದದ್ದು ಮಾಟುಂಗದಲ್ಲಿ, ಅಜ್ಜ ಅಲ್ಲಿ ಹೋಟೆಲ್ ಕೆಲಸಕ್ಕಿದ್ದರು. 1983ರಲ್ಲಿ ಮದುವೆಯಾಗಿ ಊರಿಗೆ ಬಂದ ಮೇಲೆ ಅಮ್ಮ ಮುಂಬೈ ಕಂಡದ್ದು ಒಂದೆರಡು ಮದುವೆಗಳಿಗೆ ಹೋದಾಗ ಮಾತ್ರ. ನನಗೆ ಇಲ್ಲಿ ಕೆಲಸ ಸಿಕ್ಕಾಗ ಅಪ್ಪ ಹೆದರಿದರು, ಅಮ್ಮನಿಗೆ ಮಾತ್ರ ಹಬ್ಬ. ದಿನಾ ಫೋನಿನಲ್ಲಿ ದಾರಿ ಹೇಳುತ್ತಿದ್ದಳು. ‘ಫಾಸ್ಟ್ ಹತ್ಬೇಡ ಮಗಾ, ಅದ್ ಮಾಟುಂಗದಲ್ ನಿಲ್ಲುದಿಲ್ಲ.’ ಸಿಎಸ್‌ಎಂಟಿ ಸ್ಟೇಷನ್ ಅವಳ ಬಾಯಲ್ಲಿ ಕೊನೆಯವರೆಗೂ ಹಳೆಯ ಹೆಸರಿನ ವಿಟಿಯೇ.

ಎಂಟು ತಿಂಗಳ ಹಿಂದೆ ರಾತ್ರಿ ಮಲಗಿದ ಅಮ್ಮ ಏಳಲಿಲ್ಲ. ಹೃದಯಾಘಾತ ಎಂದರು. ಪಕ್ಕದಲ್ಲೇ ಮಲಗಿದ್ದ ಅಪ್ಪನಿಗೂ ಬೆಳಿಗ್ಗೆಯೇ ಗೊತ್ತಾದದ್ದು. ನಾನು ವಿಮಾನದಲ್ಲಿ ಮಂಗಳೂರಿಗೆ ಬಂದು ಮನೆ ಮುಟ್ಟುವಾಗ ಸಂಜೆ. ಹಿಂದಿನ ದೀಪಾವಳಿಗೆ ‘ಬಾ’ ಎಂದಿದ್ದಳು. ರಜೆ ಇತ್ತು. ಆದರೂ ಇಲ್ಲೇ ಗೆಳತಿಯರ ಜೊತೆ ಹಬ್ಬ ಮಾಡಿದೆ.

ವಿಚಿತ್ರ ಎಂದರೆ ಊರಿಗೆ ಹೋದರೆ ನನಗೆ ಅಳು ಬರುವುದಿಲ್ಲ. ಇಲ್ಲಿ ಲೋಕಲ್ ರೈಲಿನಲ್ಲಿ ‘ಪುಢೀಲ್ ಸ್ಟೇಷನ್ ಮಾಟುಂಗಾ’ (ಮುಂದಿನ ಸ್ಟೇಷನ್ ಮಾಟುಂಗ) ಎಂದು ಕೇಳಿದರೆ ಕಣ್ಣು ತುಂಬುತ್ತದೆ. ಅದಕ್ಕೆಂದೇ ಈಗ ಫಾಸ್ಟ್ ಬಿಟ್ಟು ಸ್ಲೋ ಹತ್ತುತ್ತೇನೆ. ಆಮೇಲೆ ಐದು ನಿಮಿಷದಲ್ಲಿ ಗೆಳತಿಯರ ಜೊತೆ ನಗುತ್ತಲೂ ಇರುತ್ತೇನೆ. ಅಮ್ಮನ ಸಿಮ್‌ಗೆ ಇನ್ನೂ ರೀಚಾರ್ಜ್ ಮಾಡಿಸುತ್ತಿದ್ದೇನೆ. ಅಣ್ಣ, ‘ನಿನ್ನನ್ನು ನುಂಗಿ ಹಾಕಿದ ಊರದು, ಬಿಟ್ಟು ಬಾ, ಅಪ್ಪ ಒಬ್ಬರಾಗಿದ್ದಾರೆ’ ಎನ್ನುತ್ತಾನೆ. ವರ್ಷಾಂತಿಕಕ್ಕೆ ಹೋಗಲು ಕಾಲೇಳುತ್ತಿಲ್ಲ. ಅಮ್ಮನಿಂದ ನನ್ನನ್ನು ದೂರ ಇಟ್ಟದ್ದು ಈ ಊರೇ, ಆದರೂ ಇದರ ಮೇಲಿನ ಪ್ರೀತಿ ಹೋಗುತ್ತಿಲ್ಲ. ನಾನು ಪ್ರೀತಿಸುತ್ತಿರುವುದು ಈ ಊರನ್ನೋ, ಅಮ್ಮನನ್ನೋ? ಕೆಲವು ಸಂಜೆ ಯಾವುದೂ ಬೇಡ ಅನ್ನಿಸುತ್ತದೆ, ಅದಿರಲಿ. ಮುಂಬೈ ಬಿಟ್ಟುಬಿಡಲೇ?

ಉತ್ತರ: ಕೊನೆಗೆ ಬರುವಾಗ ‘ಅದಿರಲಿ’ ಎಂದು ಒಂದು ಮಾತನ್ನು ದಾಟಿಸಿದ್ದೀರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ದಿನವಿಡೀ ದುಡಿದು, ಗರ್ದಿಯಲ್ಲಿ ನಿಂತು ಮನೆಗೆ ಬಂದವರಿಗೆ ಅಡುಗೆ ಬೇಡ, ಫೋನು ಬೇಡ, ಯಾರ ಮುಖವೂ ಬೇಡ ಅನ್ನಿಸುವುದುಂಟು. ಬದುಕೇ ಬೇಡ ಅನ್ನಿಸುವುದು ಬೇರೆ. ನಿಮ್ಮದು ಯಾವುದೆಂದು ಪತ್ರ ನೋಡಿ ಹೇಳಲಾರೆ, ಆದ್ದರಿಂದ ನೇರವಾಗಿ ಕೇಳುತ್ತೇನೆ: ಸಾಯಬೇಕು ಅನ್ನಿಸುತ್ತದೆಯೇ? ಅಮ್ಮನ ಹಿಂದೆಯೇ ಹೋಗಿಬಿಡೋಣ ಅನ್ನಿಸುತ್ತದೆಯೇ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಮನೆಯವರು ಬಾಯಿ ಬಿಡುವುದಿಲ್ಲ. ಹಾಗೇನೂ ಆಗುವುದಿಲ್ಲ. ಕೇಳಿದವರ ಮುಂದೆ ಹೇಳಿಕೊಂಡು ಹಗುರಾಗುವವರೇ ಹೆಚ್ಚು.

ಉತ್ತರ ‘ಹೌದು’ ಅಥವಾ ‘ಒಮ್ಮೊಮ್ಮೆ’ ಎಂದಾದರೆ ಮುಂದಿನದನ್ನು ಆಮೇಲೆ ಓದಿ. ಮೊದಲು 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೀವು ದಿನಾ ಹೋಗುವ ದಾರಿಯಲ್ಲೇ ಸಯನ್ ಆಸ್ಪತ್ರೆ ಇದೆ, ದಾದರ್ ದಾಟಿದರೆ ಪರೇಲ್‌ನಲ್ಲಿ ಕೆಇಎಂ ಇದೆ. ಎರಡರಲ್ಲೂ ಮನೋವೈದ್ಯಕೀಯ ವಿಭಾಗ ಇದೆ. ಹೊರರೋಗಿ ಚೀಟಿ ಮಾಡಿಸಿ ಕೂತರಾಯಿತು. ಬರೀ ದಣಿವು ಎಂದಾದರೂ ಲೋಕಲ್ ಗೆಳತಿಯರಲ್ಲಿ ಒಬ್ಬರಿಗೆ ಈ ಸಂಜೆಗಳ ವಿಷಯ ಹೇಳಿಡಿ. ಬಂದಿಲ್ಲವೆಂದರೆ ಫೋನ್ ಮಾಡಿ ವಿಚಾರಿಸುವ ಒಬ್ಬರು ಇರಬೇಕು.

ಇನ್ನು ನಿಮ್ಮದು ಕಾಯಿಲೆಯೇ ಎಂಬ ವಿಷಯ. ನೀವು ಕೇಳಿಲ್ಲ, ಆದರೆ ಸಿಮ್ ರೀಚಾರ್ಜಿನ ಮಾತನ್ನು ಬರೆದ ರೀತಿ ನೋಡಿದರೆ ಒಳಗೊಳಗೇ ಆ ಭಯ ಇದ್ದಂತಿದೆ. ಸಾವಿನ ದುಃಖ ಹಿಡಿದುಕೊಂಡು ಬಿಡದೇ ಇರುವ ಸ್ಥಿತಿಗೆ ವೈದ್ಯಶಾಸ್ತ್ರ ಈಗ ಬೇರೆಯೇ ಹೆಸರು ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಪ್ರಕಾರ ಅದನ್ನು ಗುರುತಿಸಲು ಕನಿಷ್ಠ 6 ತಿಂಗಳು ಕಳೆದಿರಬೇಕು, ಅಮೆರಿಕದ ಮನೋವೈದ್ಯರ ಪಟ್ಟಿಯ ಪ್ರಕಾರ ದೊಡ್ಡವರಲ್ಲಿ 12 ತಿಂಗಳು. ಆದರೆ ತಿಂಗಳ ಲೆಕ್ಕ ಒಂದೇ ಸಾಲದು. ಸತ್ತವರ ಹಂಬಲದಲ್ಲಿ ದಿನಗಳೇ ಮುಳುಗಿಹೋಗಬೇಕು, ಕೆಲಸ, ಊಟ, ನಾಲ್ಕು ಜನರ ಒಡನಾಟ ಹದಗೆಡಬೇಕು, ‘ಅವರಿಲ್ಲದೆ ನಾನು ಯಾರು’ ಎಂಬ ಮಟ್ಟಕ್ಕೆ ಹೋಗಬೇಕು. ನೀವು ದಿನಾ ಡೊಂಬಿವಲಿಯಿಂದ ದಾದರ್‌ಗೆ ಹೋಗಿ ದುಡಿದು ಬರುತ್ತೀರಿ, ಗೆಳತಿಯರ ಜೊತೆ ನಗುತ್ತೀರಿ. ಆ ಸಂಜೆಗಳ ವಿಷಯ ಒಂದು ಬಿಟ್ಟರೆ ನಿಮ್ಮ ಪತ್ರದಲ್ಲಿ ಕಾಣುವುದು ದುಃಖವೇ ಹೊರತು ರೋಗವಲ್ಲ.

ಅತ್ತ ಐದು ನಿಮಿಷಕ್ಕೇ ನಗುವುದು ನಿಮಗೆ ವಿಚಿತ್ರವಾಗಿ ಕಂಡಿದೆ. ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲಿ ಇದನ್ನೇ ವಿವರಿಸಿದರು. ದುಃಖದಲ್ಲಿರುವ ಮನಸ್ಸು ಒಮ್ಮೆ ಕಳೆದುಕೊಂಡದ್ದರ ಕಡೆ ಹೋಗುತ್ತದೆ, ಇನ್ನೊಮ್ಮೆ ಮುಂದಿನ ಬದುಕಿನ ಕಡೆ, ಮತ್ತೆ ವಾಪಸು. ದಿನಕ್ಕೆ ಹತ್ತು ಸಲ ಹಾಗೆ ಓಡಾಡಿದರೂ ಅದು ಸಹಜ. ಒಂದೇ ಕಡೆ ಸಿಕ್ಕಿಹಾಕಿಕೊಂಡವರ ಬಗ್ಗೆ ನಮಗೆ ಚಿಂತೆ. ಇಡೀ ದಿನ ಅಳುವವರಷ್ಟೇ, ಒಂದು ಹನಿಯೂ ಅಳದೆ ಕೆಲಸದಲ್ಲಿ ಮುಖ ಹುದುಗಿಸಿಕೊಂಡವರೂ ನಮ್ಮ ಮುಂದೆ ಬಂದು ಕೂರುತ್ತಾರೆ. ನಿಮಗೆ ಯಾರಾದರೂ ‘ದುಃಖಕ್ಕೆ ಐದು ಹಂತ’ ಎಂದು ಹೇಳಿದ್ದರೆ ಅದನ್ನು ಮರೆತುಬಿಡಿ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ದಾರಿಯಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಹಿಂದೆ ಉಳಿದವರಿಗೆ ಅದನ್ನು ಹಚ್ಚಿದ್ದು ಆಮೇಲೆ. ಈಗಂತೂ ಮೆಟ್ಟಿಲು ಹತ್ತಿಸುವವರ ಹಾಗೆ ‘ನೀನೀಗ ಎಷ್ಟನೇ ಹಂತ’ ಎಂದು ಕೇಳುವವರಿದ್ದಾರೆ!

ಊರಲ್ಲಿ ಬಾರದ ಅಳು ಲೋಕಲ್‌ನಲ್ಲಿ ಯಾಕೆ ಬರುತ್ತದೆ? ಊರಿಗೆ ಹೋದಾಗ ನೀವು ಮಗಳಲ್ಲ, ಮನೆಯ ಹೆಂಗಸು. ಬಂದವರಿಗೆ ಚಾ ಆಗಬೇಕು, ಅಪ್ಪನ ಮಾತ್ರೆ ನೋಡಬೇಕು, ಅಮ್ಮನ ಸೀರೆ ಯಾರಿಗೆ ಯಾವುದು ಎಂಬ ಮಾತು ಬರುತ್ತದೆ, ಬೊಜ್ಜದ (ಉತ್ತರಕ್ರಿಯೆಯ) ದಿನ ಎಷ್ಟು ಎಲೆ ಬಿತ್ತು ಎಂಬ ಲೆಕ್ಕ ಇನ್ನೂ ಮುಗಿದಿರುವುದಿಲ್ಲ. ಅಲ್ಲಿ ಅಳುವುದಕ್ಕೂ ಒಂದು ಸರದಿ, ಒಂದು ರೀತಿ. ಯಾರಾದರೂ ಹಿರಿಯರು ಬಂದು ತಬ್ಬಿಕೊಂಡಾಗ ಅಳಬೇಕು, ಅವರು ಬಿಟ್ಟಾಗ ನಿಲ್ಲಿಸಬೇಕು. ಲೇಡೀಸ್ ಡಬ್ಬಿಯಲ್ಲಿ ಆ ತಾಪತ್ರಯ ಇಲ್ಲ. ಮೂರು ಜನರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಅರ್ಧ ಕೂತು, ಒಂದು ಕಾಲು ಹೊರಗೆ ಊರಿಕೊಂಡಿರುವಾಗ ನಿಮ್ಮ ಕಣ್ಣಲ್ಲಿ ನೀರು ಬಂದರೆ ಎದುರಿನವಳು ಬಟಾಣಿ ಸುಲಿಯುತ್ತಲೇ ಇರುತ್ತಾಳೆ. ಹೆಚ್ಚೆಂದರೆ ಸಯನ್‌ನಲ್ಲಿ ಯಾರೋ ಇಳಿದಾಗ ಏನೂ ಕೇಳದೆ ನಿಮ್ಮನ್ನು ಕಿಟಕಿಯ ಕಡೆ ದೂಡುತ್ತಾಳೆ. ದೊಡ್ಡ ಊರು ನಮ್ಮನ್ನು ನೋಡುವುದೇ ಇಲ್ಲ ಎಂದು ದೂರುವವರಿದ್ದಾರೆ. ದುಃಖದಲ್ಲಿರುವವರಿಗೆ ಅದೇ ಒಂದು ಉಪಕಾರ ಎಂದು ನಾನು ನಂಬಿದ್ದೇನೆ.

ಜಾಗದ ಕೈವಾಡವೂ ಇದೆ. 1971ರಲ್ಲಿ ಲಂಡನ್ನಿನಲ್ಲಿ ಜಾನ್ ಒ’ಕೀಫ್ ಇಲಿಗಳ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ, ಇಂಥದೇ ಜಾಗಕ್ಕೆ ಬಂದಾಗ ಚುರುಕಾಗುವ ಜೀವಕೋಶಗಳನ್ನು ಕಂಡರು. ಮೆದುಳು ಜಾಗ ಗುರುತಿಸುವ ಬಗೆಯನ್ನು ಕಂಡದ್ದಕ್ಕೆ 2014ರಲ್ಲಿ ಅವರಿಗೂ ನಾರ್ವೆಯ ಮೋಸರ್ ದಂಪತಿಗೂ ನೊಬೆಲ್ ಬಂತು. ಹಳೆಯ ಘಟನೆಗಳ ನೆನಪನ್ನು ಕಟ್ಟುವುದರಲ್ಲೂ ಮೆದುಳಿನ ಅದೇ ಭಾಗಕ್ಕೆ ದೊಡ್ಡ ಪಾತ್ರ. ಹಾಗಾಗಿ ಜಾಗ ಮತ್ತು ನೆನಪು ನಮ್ಮಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ನಿಮಗೆ ಮುಂಬೈಯ ನಕ್ಷೆ ಬಂದದ್ದು ಅಮ್ಮನ ದನಿಯಲ್ಲಿ. ಯಾವ ಗಾಡಿ, ಯಾವ ಕಡೆಯ ಬಾಗಿಲು, ಎಲ್ಲಿ ಇಳಿಯಬೇಕು ಎಂಬ ಒಂದೊಂದನ್ನೂ ಅವರು ಕಿವಿಯಲ್ಲಿ ಹೇಳಿ ಕೂರಿಸಿದ್ದಾರೆ. ಮೈಕಿನಲ್ಲಿ ಮಾಟುಂಗ ಎಂದಾಗ ಕಣ್ಣು ತುಂಬದಿದ್ದರೆ ಆಶ್ಚರ್ಯಪಡಬೇಕಿತ್ತು. ಸ್ಲೋ ಗಾಡಿ ಹತ್ತಿ. ಇಪ್ಪತ್ತು ನಿಮಿಷ ಹೆಚ್ಚು ಹಿಡಿದರೆ ಹಿಡಿಯಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಪತ್ರದ ಇನ್ನೊಂದು ವಿಷಯ. ನಿಮಗೆ ಮುಂಬೈ ದುಡಿಯುವ ಊರು. ನಿಮ್ಮ ಅಮ್ಮನಿಗೆ ಅದು ತವರು. ಇದನ್ನು ನೀವೂ ಬರೆದಿಲ್ಲ, ನಿಮ್ಮ ಅಣ್ಣನಿಗೂ ಹೊಳೆದಂತಿಲ್ಲ. ಕರಾವಳಿಯ ಗಂಡಸರು ಮುಂಬೈಗೆ ಹೋಗಿ ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಹೋಟೆಲ್ ಇಟ್ಟ ಕತೆ ನಮಗೆಲ್ಲ ಬಾಯಿಪಾಠ. ಮಾಟುಂಗ ಸ್ಟೇಷನ್ ಎದುರಿನ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು, ಮೈಸೂರು ಅಸೋಸಿಯೇಶನ್ ಅದಕ್ಕೂ ಹಿಂದೆ 1926ರದ್ದು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಆ ಗಂಡಸರ ಹೆಣ್ಣುಮಕ್ಕಳ ಕತೆ ಹೇಳುವವರು ಕಡಿಮೆ. ನಲ್ಲಿನೀರು, ಕರೆಂಟು, ಸ್ಟೇಷನ್ನು, ಸಿನಿಮಾ ಥಿಯೇಟರು ಎಲ್ಲ ನಡೆದುಹೋಗುವ ದೂರದಲ್ಲಿದ್ದ ಚಾಳಿನಲ್ಲಿ ಬೆಳೆದ ಹುಡುಗಿಯನ್ನು, ಸಂಬಂಧ ಬಂತೆಂದು ಬಾವಿಕಟ್ಟೆ, ಹಟ್ಟಿ, ಗದ್ದೆ ಇರುವ ಮನೆಗೆ ಕೊಟ್ಟರು. ಆ ಕಾಲದಲ್ಲಿ ಇದು ಮಾಮೂಲು. ‘ಬೊಂಬಾಯಿಯ ಸೊಸೆ’ ಎಂದು ಮೊದಲ ವರ್ಷ ಕೊಂಡಾಟ, ಆಮೇಲೆ ಅದೇ ಮಾತು ಚುಚ್ಚುನುಡಿ.

ತವರಿಗೆ ಹೋಗುವುದಾದರೂ ಹೇಗೆ? ಕೊಂಕಣ ರೈಲ್ವೆ ಪೂರ್ತಿ ಹಳಿಗೆ ಬಂದದ್ದು 1998ರ ಜನವರಿಯಲ್ಲಿ. ನಿಮ್ಮ ಅಮ್ಮನ ಮದುವೆಯಾಗಿ ಆಗ ಹದಿನೈದು ವರ್ಷ ಆಗಿತ್ತು. ಅಲ್ಲಿಯವರೆಗೆ ಕುಂದಾಪುರದಿಂದ ಮುಂಬೈ ಎಂದರೆ ಇಡೀ ಒಂದು ದಿನದ ಬಸ್ಸು, ಘಟ್ಟದ ತಿರುವುಗಳು, ಮಡಿಲಲ್ಲಿ ವಾಂತಿ ಮಾಡುವ ಮಕ್ಕಳು. ದೂರ ಕೊಟ್ಟ ಹೆಣ್ಣುಮಕ್ಕಳಿಗೆ ತವರು ಕ್ರಮೇಣ ಬಾಯಲ್ಲಿ ಹೇಳುವ ಊರಾಗಿ ಉಳಿಯುತ್ತದೆ. ನೀವು 2012ರಲ್ಲಿ ಅಲ್ಲಿಗೆ ಹೋದಿರಿ. ಸುಮಾರು ಮೂವತ್ತು ವರ್ಷದ ನಂತರ ಅವರಿಗೆ ತವರಿಂದ ದಿನಾ ಫೋನ್ ಬರತೊಡಗಿತು! ಅಪ್ಪನಿಗೆ ಭಯ, ಅಮ್ಮನಿಗೆ ಹಬ್ಬ ಎಂದು ಬರೆದಿದ್ದೀರಿ. ಆ ಹಬ್ಬ ಮಗಳಿಗೆ ನೌಕರಿ ಸಿಕ್ಕಿತೆಂದು ಮಾತ್ರವೇ ಇರಲಾರದು.

ಆದ್ದರಿಂದ ಲೋಕಲ್‌ನಲ್ಲಿ ನೀವು ಅಳುತ್ತಿರುವುದು ಯಾರಿಗಾಗಿ ಎಂದು ಸ್ವಲ್ಪ ನೋಡಿ. ಊರಿನ ಮನೆಯಲ್ಲಿ ಇದ್ದದ್ದು ನಿಮ್ಮನ್ನು ಹೆತ್ತು ಸಾಕಿದ, ಒಲೆಯ ಮುಂದೆ ಬೆವರಿದ, ಮಂಡಿನೋವಿನ ಅಮ್ಮ. ಆ ಅಮ್ಮನನ್ನು ನೀವು ಪೂರ್ತಿ ಕಂಡಿದ್ದೀರಿ. ಫೋನಿನಲ್ಲಿ ದಾರಿ ಹೇಳುತ್ತಿದ್ದವಳು ಬೇರೆ. ಆಕೆ ಇಪ್ಪತ್ತರ ಹುಡುಗಿ, ಮಾಟುಂಗದಲ್ಲಿ ಫಾಸ್ಟ್ ನಿಲ್ಲುವುದಿಲ್ಲ ಎಂಬುದನ್ನು ಒಮ್ಮೆ ತಪ್ಪು ಗಾಡಿ ಹತ್ತಿಯೇ ಕಲಿತಿದ್ದಾಳು. ಅವಳ ಪರಿಚಯ ನಿಮಗೆ ಆಗುತ್ತಿದ್ದಾಗಲೇ ಫೋನ್ ನಿಂತುಹೋಯಿತು. ಊರಲ್ಲಿ ಆ ಹುಡುಗಿ ಯಾವತ್ತೂ ಇರಲಿಲ್ಲ, ಅಲ್ಲಿ ಅವಳಿಗಾಗಿ ಅಳು ಬರುವುದೂ ಇಲ್ಲ. ಮದುವೆಯಾಗಿಲ್ಲದ ಕಾರಣ ನೀವು ಊರನ್ನು ತವರೆಂದು ಕರೆದಿಲ್ಲ, ಆದರೆ ಈಗ ಆಗಿರುವುದು ಅದೇ. ತಾಯಿಯಿಲ್ಲದ ತವರಿಗೆ ಕಾಲಿಡುವ ಸಂಕಟವನ್ನು ನಮ್ಮ ಗರತಿಯರು ಬೀಸುವಾಗ ಹಾಡಿದ್ದು ಕಡಿಮೆಯೇ? ಕಾಲೇಳುತ್ತಿಲ್ಲ ಎಂದರೆ ನಿಮಗೆ ಪ್ರೀತಿ ಇಲ್ಲವೆಂದಲ್ಲ.

ಆ ಹುಡುಗಿಯ ಬಗ್ಗೆ ತಿಳಿದುಕೊಳ್ಳಲು ಇನ್ನೂ ಹೊತ್ತು ಮೀರಿಲ್ಲ, ಆದರೆ ಬಹಳ ಹೊತ್ತೂ ಇಲ್ಲ. ಅಮ್ಮನ ಅಣ್ಣತಮ್ಮಂದಿರು, ಚಾಳಿನ ನೆರೆಯವರು, ಶಾಲೆಯ ಗೆಳತಿಯರು ಮುಲುಂಡಿನಲ್ಲೋ ನವಿ ಮುಂಬೈಯಲ್ಲೋ ಮಕ್ಕಳ ಮನೆಯಲ್ಲಿರಬಹುದು. ಅವರಲ್ಲಿ ಹೆಚ್ಚಿನವರಿಗೆ ಈಗ ಅರವತ್ತು ದಾಟಿದೆ. ಒಂದು ಭಾನುವಾರ ಹೋಗಿ ಕೂತು ಕೇಳಿ. ಚಾಳು ಯಾವ ಗಲ್ಲಿಯಲ್ಲಿತ್ತು, ಯಾವ ಶಾಲೆ, ಕಿಂಗ್ಸ್ ಸರ್ಕಲ್ ತೋಟದಲ್ಲಿ ಯಾರ ಜೊತೆ ಕೂರುತ್ತಿದ್ದಳು, ಮಲ್ಲಿಗೆ ಎಲ್ಲಿ ಕೊಳ್ಳುತ್ತಿದ್ದಳು. 1982ರ ಜನವರಿಯಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾದಾಗ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಅದು ನಿಮ್ಮ ಅಮ್ಮ ಆ ಊರಲ್ಲಿದ್ದ ಕೊನೆಯ ದಿನಗಳು. ಅಜ್ಜನ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಗಿರಣಿಯವರಿದ್ದರೇ, ಆ ವರ್ಷ ಮನೆಯಲ್ಲಿ ಕೈ ಬಿಗಿಯಾಗಿತ್ತೇ, ಮದುವೆಯ ಅವಸರಕ್ಕೂ ಅದಕ್ಕೂ ಸಂಬಂಧ ಇತ್ತೇ ಎಂದೂ ಕೇಳಿ. ಉತ್ತರ ಏನು ಬೇಕಾದರೂ ಇರಬಹುದು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರನ್ನು ಕೇಳಿಯೇ.

ಇಲ್ಲಿ ನನಗೊಂದು ಎಚ್ಚರಿಕೆ ಹೇಳುವುದಿದೆ. ಸತ್ತವರ ಸಂಬಂಧವನ್ನು ಕಡಿದುಕೊಂಡರೇ ದುಃಖ ವಾಸಿಯಾಗುತ್ತದೆ ಎಂಬುದು ಫ್ರಾಯ್ಡ್ 1917ರಲ್ಲಿ ಬರೆದದ್ದರಿಂದ ಹೊರಟು ಬಹಳ ಕಾಲ ನಡೆದ ವಾದ. 1996ರ ಸುಮಾರಿಗೆ ಡೆನ್ನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮುಂತಾದ ಸಂಶೋಧಕರು ಅದನ್ನು ತಿದ್ದಿದರು. ಹೆಚ್ಚಿನವರು ಸತ್ತವರೊಂದಿಗೆ ನಂಟು ಉಳಿಸಿಕೊಂಡೇ ನೆಟ್ಟಗೆ ಬದುಕುತ್ತಾರೆ ಎಂದು ತೋರಿಸಿದರು. ಪಿತೃಪಕ್ಷದಲ್ಲಿ ಎಡೆ ಇಟ್ಟು ಕಾಗೆಗೆ ಕಾಯುವ ನಮಗೆ ಇದು ಹೊಸ ಸುದ್ದಿಯಲ್ಲ. ಆದರೆ ನಂಟು ಎಂದರೆ ಅವರ ಬದುಕನ್ನು ನಾವು ಬದುಕುವುದಲ್ಲ. ಅಮ್ಮನಿಗೆ ಸಿಗದೇ ಹೋದ ಮುಂಬೈಯನ್ನು ನಾನು ಉಳಿಸಿಕೊಳ್ಳಬೇಕು ಎಂಬ ಹಟ ಮೊದಮೊದಲು ಪ್ರೀತಿಯಂತೆಯೇ ಇರುತ್ತದೆ. ನಾಲ್ಕು ವರ್ಷ ಕಳೆದ ಮೇಲೆ ಅದು ಹರಕೆಯಂತೆ ಭಾರವಾಗುತ್ತದೆ. ಬಾಡಿಗೆ ಏರಿದರೂ, ಕೆಲಸ ಬೇಸರ ತಂದರೂ ಬಿಡಲಾರದೆ ಕೂತವರನ್ನು ನಾನು ಕಂಡಿದ್ದೇನೆ.

ಅಮ್ಮನ ಮುಂಬೈ 1983ಕ್ಕೆ ನಿಂತಿದೆ. ಅದರಲ್ಲಿ ಪರೇಲಿನ ಗಿರಣಿಗಳ ಚಿಮಣಿ ಇದೆ, ವಿಟಿ ಇದೆ, ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ ಇದೆ. ನಿಮ್ಮದರಲ್ಲಿ ಗಿರಣಿ ಇದ್ದಲ್ಲಿ ಮಾಲು, ಎಲ್ಫಿನ್‌ಸ್ಟನ್ ರೋಡ್ ಇದ್ದಲ್ಲಿ ಪ್ರಭಾದೇವಿ, ನೆಲದಡಿಯಲ್ಲಿ ಮೆಟ್ರೊ. ಡೊಂಬಿವಲಿಯ ನಿಮ್ಮ ಬೀದಿಯಾಗಲಿ, ನೀವು ಮಾಡಿಕೊಂಡ ಲೋಕಲ್ ಗೆಳತಿಯರಾಗಲಿ ಅವರ ನಕ್ಷೆಯಲ್ಲಿ ಇಲ್ಲ. ಊರನ್ನೋ ಅಮ್ಮನನ್ನೋ ಎಂದು ಕೇಳಿದ್ದೀರಿ. ಮಾಟುಂಗದಲ್ಲಿ ನಿಂತು ಕೇಳಿದರೆ ಎರಡನ್ನೂ ಬಿಡಿಸಲಾಗದು, ಬಿಡಿಸುವ ಅಗತ್ಯವೂ ಇಲ್ಲ. ಡೊಂಬಿವಲಿಯಲ್ಲಿ ನಿಂತು ಕೇಳಿಕೊಳ್ಳಿ. ಅಮ್ಮನ ಹೆಜ್ಜೆ ಬೀಳದ ಜಾಗಗಳಲ್ಲೂ ಈ ಊರು ನಿಮಗೆ ಬೇಕು ಅನ್ನಿಸುತ್ತದೆಯೇ? ಅನ್ನಿಸಿದರೆ ಆ ಪ್ರೀತಿ ನಿಮ್ಮದೇ. ಅನ್ನಿಸದಿದ್ದರೆ, ಒಂದು ದಿನ ಬಿಟ್ಟು ಹೋಗಲು ಅಮ್ಮನ ಅಪ್ಪಣೆ ಬೇಕಾಗಿಲ್ಲ.

ದೀಪಾವಳಿಯ ವಿಷಯ. ರಜೆ ಇದ್ದೂ ಹೋಗಲಿಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ. ‘ನಿನ್ನದೇನೂ ತಪ್ಪಿಲ್ಲ’ ಎಂದು ಸವರಿದರೆ ನಿಮಗೆ ಸಮಾಧಾನ ಆಗದು. ಹೋಗಬಹುದಿತ್ತು, ಹೋಗಲಿಲ್ಲ. ಆ ಕೊರಗು ಉಳಿಯುತ್ತದೆ, ಬರುವ ದೀಪಾವಳಿಗೆ ಹೆಚ್ಚೇ ಕಾಡೀತು. ಆದರೆ ಹಬ್ಬಕ್ಕೆ ಹೋಗದೇ ಇದ್ದದ್ದಕ್ಕೂ ಅಮ್ಮ ಸತ್ತದ್ದಕ್ಕೂ ಗಂಟು ಹಾಕಬೇಡಿ. ನಿದ್ದೆಯಲ್ಲಿ ಹೃದಯ ನಿಂತದ್ದು ಅದೇ ಮಂಚದ ಪಕ್ಕದಲ್ಲಿದ್ದವರಿಗೆ ತಿಳಿಯಲಿಲ್ಲ, ಡೊಂಬಿವಲಿಯಲ್ಲಿದ್ದವರಿಗೆ ಹೇಗೆ ತಿಳಿದೀತು? ಮುಂಬೈ ದೂರ ಇಟ್ಟದ್ದು ನಿಮ್ಮನ್ನು ಹಬ್ಬದಿಂದ, ಆ ರಾತ್ರಿಯಿಂದಲ್ಲ. ಇನ್ನೊಂದು ಕಡೆಯಿಂದ ನೋಡಿದರೆ ದಿನಾ ಫೋನಿನಲ್ಲಿ ಮಾತಾಡುವ ತಾಯಿ-ಮಗಳು ನೀವಾದದ್ದು ನೀವು ಅಲ್ಲಿ ಇದ್ದುದರಿಂದಲೇ. ಊರಲ್ಲೇ ಇದ್ದಿದ್ದರೆ ಮಾತು ಸಾರು-ಪಲ್ಯ, ಹಾಲಿನ ಲೆಕ್ಕದಲ್ಲೇ ಮುಗಿದುಹೋಗುತ್ತಿತ್ತೋ ಏನೋ.

ಅದೇ ಮಂಚ ಎಂದೆ. ನಿಮ್ಮ ಪತ್ರದಲ್ಲಿ ಅಪ್ಪನ ಬಗ್ಗೆ ಇರುವುದು ಎರಡು ಮೂರು ಸಾಲು. ಪಕ್ಕದಲ್ಲಿ ಮಲಗಿದ್ದೂ ಗೊತ್ತಾಗಲಿಲ್ಲವಲ್ಲ ಎಂಬುದು ಆ ಮನುಷ್ಯನನ್ನು ಎಂಟು ತಿಂಗಳಿಂದ ಎಷ್ಟು ಕೊರೆಯುತ್ತಿದೆಯೋ! ನಮ್ಮ ಕಡೆಯ ಆ ವಯಸ್ಸಿನ ಗಂಡಸರು ಅದನ್ನು ಬಾಯಿಬಿಟ್ಟು ಹೇಳುವವರಲ್ಲ. ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಟಿವಿ ದನಿ ಜೋರು ಮಾಡುತ್ತಾರೆ. ಅಣ್ಣ ‘ಅಪ್ಪ ಒಬ್ಬರಾಗಿದ್ದಾರೆ’ ಎನ್ನುವುದನ್ನು ನಿಮ್ಮನ್ನು ಕಟ್ಟಿಹಾಕುವ ಮಾತು ಎಂದು ಮಾತ್ರ ತೆಗೆದುಕೊಳ್ಳಬೇಡಿ, ಅವನು ದಿನಾ ಕಾಣುತ್ತಿರುವುದನ್ನು ಹೇಳುತ್ತಿರಬಹುದು. ಅಮ್ಮನಿಗೆ ದಿನಾ ಮಾಡುತ್ತಿದ್ದ ಫೋನನ್ನು ಇನ್ನು ಅಪ್ಪನಿಗೆ ಮಾಡಿ. ಮೊದಮೊದಲು ‘ಹ್ಞೂಂ, ಆಯ್ತು, ಇಡ್ತೆ’ ಎಂದು ಮುಗಿಸಿಯಾರು. ಬಿಡಬೇಡಿ. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಹೇಗಿದ್ದರು, ಮುಂಬೈ ನೆನೆದು ಅಳುತ್ತಿದ್ದರೇ ಎಂದು ಒಂದು ದಿನ ಕೇಳಿ. ಆ ಹುಡುಗಿಯನ್ನು ಊರಲ್ಲಿ ಕಂಡವರು ಯಾರಾದರೂ ಇದ್ದರೆ ಅದು ನಿಮ್ಮ ಅಪ್ಪ.

ಸಿಮ್ ರೀಚಾರ್ಜ್ ಮಾಡುವುದು ಹುಚ್ಚಲ್ಲ. ಇಷ್ಟ ಇರುವಷ್ಟು ದಿನ ಮಾಡಿ. ಆದರೆ ಬಳಕೆಯೇ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿಗಳು ಕೆಲಕಾಲದ ಮೇಲೆ ರದ್ದು ಮಾಡಿ ಬೇರೆಯವರಿಗೆ ಕೊಡುತ್ತವೆ. ಒಂದು ದಿನ ಅಮ್ಮನ ನಂಬರಿನಿಂದ ಯಾರದೋ ಗಂಡು ದನಿ ಕೇಳಿ ಕುಸಿದು ಕೂತವರಿದ್ದಾರೆ. ಅದಕ್ಕೆ ಮೊದಲು ಅಮ್ಮನ ವಾಟ್ಸ್‌ಆ್ಯಪ್ ದನಿಗಳನ್ನು, ನಿಮ್ಮ ಫೋನಿನಲ್ಲಿರುವುದನ್ನೂ ಅವರ ಫೋನಿನಲ್ಲಿರುವುದನ್ನೂ, ಕಂಪ್ಯೂಟರಿಗೆ ಇಳಿಸಿ ಒಂದು ಪೆನ್‌ಡ್ರೈವಿನಲ್ಲೂ ಇಡಿ. ದನಿ ಭದ್ರವಾಗಿದೆ ಎಂದಾದರೆ ನಂಬರ್ ಬಿಡುವುದು ಅಷ್ಟು ಕಷ್ಟವಾಗುವುದಿಲ್ಲ. ಆ ಕೆಲಸವನ್ನು ಒಬ್ಬರೇ ರಾತ್ರಿ ಕೂತು ಮಾಡಬೇಡಿ.

ಮುಂಬೈ ಬಿಡಬೇಕೇ ಎಂಬುದಕ್ಕೆ ನನ್ನ ಉತ್ತರ: ಈಗ ತೀರ್ಮಾನಿಸಬೇಡಿ. ಮೊದಲ ವರ್ಷದಲ್ಲಿ ಮನೆ ಮಾರುವುದು, ಕೆಲಸ ಬಿಡುವುದು, ಅವಸರದ ಮದುವೆ, ಯಾವುದಕ್ಕೂ ನಾನು ಹೂಂ ಎನ್ನುವುದಿಲ್ಲ. ಒಮ್ಮೆ ರಾಜೀನಾಮೆ ಕೊಟ್ಟರೆ 36ರಲ್ಲಿ ಅದೇ ಕೆಲಸ ಮರಳಿ ಸಿಗುವುದು ಸುಲಭವಲ್ಲ. ಅಪ್ಪನಿಗೆ ನಿಜವಾಗಿ ಬೇಕಾದದ್ದು ಏನು ಎಂದು ಅಣ್ಣನ ಜೊತೆ ಕೂತು ನೋಡಿ. ಅಡುಗೆಯವರೇ, ಜೊತೆಗೆ ಮಲಗುವವರೇ, ಆಸ್ಪತ್ರೆಗೆ ಕರೆದುಕೊಂಡು ಹೋಗುವವರೇ? ಕೆಲವಕ್ಕೆ ನಿಮ್ಮ ಸಂಬಳ ಆಗುತ್ತದೆ, ಕೆಲವಕ್ಕೆ ನೀವೇ ಆಗಬೇಕು. ಮದುವೆಯಾಗದ ಮಗಳು ಎಂಬ ಒಂದೇ ಕಾರಣಕ್ಕೆ ಅಪ್ಪನ ಪಾಲು ನಿಮ್ಮ ತಲೆಗೆ ಬಂದಿದೆಯೇ ಎಂಬುದನ್ನೂ ಕೇಳಿಬಿಡಿ, ಜಗಳವಾದರೂ ಚಿಂತಿಲ್ಲ. ಅಪ್ಪನನ್ನು ತಿಂಗಳ ಮಟ್ಟಿಗೆ ಡೊಂಬಿವಲಿಗೆ ಕರೆಸಿಕೊಳ್ಳುವುದೂ ಒಂದು ದಾರಿ. ಬರಲೊಪ್ಪದಿದ್ದರೆ ಬಲವಂತ ಬೇಡ.

ವರ್ಷಾಂತಿಕಕ್ಕೆ ಮಾತ್ರ ಹೋಗಿ. ಅಲ್ಲಿ ಅಳು ಬರಬೇಕೆಂದಿಲ್ಲ, ಬಾರದಿದ್ದರೆ ಬಡಿಸಲು ನಿಲ್ಲಿ. ನೀವು ಇರಬೇಕಾದ್ದು ಅಪ್ಪನಿಗಾಗಿ, ಅಣ್ಣನಿಗಾಗಿ. ನಿಮ್ಮದೇ ಎನ್ನುವಂಥದ್ದನ್ನು ಮುಂಬೈಯಲ್ಲೇ ಮಾಡಬಹುದು. ಮಹಾಲಯ ಅಮಾವಾಸ್ಯೆಯಂದು ವಾಳಕೇಶ್ವರದ ಬಾಣಗಂಗಾ ಕೆರೆಯ ಮೆಟ್ಟಿಲುಗಳ ಮೇಲೆ ತರ್ಪಣಕ್ಕೆ ಜನ ಸೇರುತ್ತಾರೆ. ಅಷ್ಟು ದೂರ ಬೇಡವಾದರೆ ಮಾಟುಂಗದಲ್ಲಿ ಇಳಿದು, ಅಮ್ಮನಿಗೆ ಇಷ್ಟದ್ದನ್ನು ತಿಂದು ಬನ್ನಿ.

ತಿಥಿಯ ಲೆಕ್ಕದಲ್ಲಿ ದಿನ ಹಿಂದುಮುಂದಾಗುತ್ತದೆ, ಅಣ್ಣನಿಗೆ ಹೇಳಿ ಪುರೋಹಿತರಲ್ಲಿ ಈಗಲೇ ದಿನ ಕೇಳಿಸಿ. ಮತ್ಸ್ಯಗಂಧಾ ರೈಲಿನಲ್ಲಿ ಹೊರಡುವುದಾದರೆ ಈಗ ರೈಲ್ವೆಯವರು 60 ದಿನ ಮುಂಚೆ ಮಾತ್ರ ಬುಕಿಂಗ್ ತೆಗೆಯುತ್ತಾರೆ, ಮೊದಲಿನಂತೆ 120 ಅಲ್ಲ. ಆ ದಿನ ಬೆಳಿಗ್ಗೆಯೇ ಕೂತು ಮಾಡಿಸಿ. ಮಳೆಗಾಲವಾದರೆ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಗಾಡಿ ನಿಧಾನ, ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ವಾಪಸ್ ಟಿಕೆಟ್‌ಗೂ ಬುಕಿಂಗ್ ತೆರೆದ ದಿನವೇ ಮಾಡಿಸಿ, ಹೋಗುವ ದಿನ, ಬರುವ ದಿನ ಎರಡನ್ನೂ ಅಣ್ಣನಿಗೆ ಮೊದಲೇ ಹೇಳಿಡಿ.